ಕರವಸ್ತ್ರದಲ್ಲಿ ಕಟ್ಟಿಟ್ಟ ಹಲ್ಲು



ಮಿಲಾಗ್ರಿಸ್ ಇಗರ್ಜಿಯ ಬದಿಯಿಂದ ಫಳ್ನೀರ್ ರಸ್ತೆ ಹಿಡಿದು ಕಂಕನಾಡಿಯ ಕಡೆಗೆ ನೀವು ಎಂದಾದರೂ ನಡೆದು ಬಂದಿದ್ದರೆ, ಆ ಹಾದಿಯಲ್ಲಿ ಆಸ್ಪತ್ರೆ, ಔಷಧಿ ಅಂಗಡಿ, ದಂತ ಚಿಕಿತ್ಸಾಲಯಗಳ ಫಲಕಗಳು ಎಷ್ಟೊಂದು ಎಂಬುದನ್ನು ಗಮನಿಸಿರಬಹುದು. ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು. ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದ್ದು 1880ರಲ್ಲಿ. ಹಲ್ಲಿನ ವಿಷಯಕ್ಕೆ ಬಂದರಂತೂ ದೇರಳಕಟ್ಟೆಯಲ್ಲಿ 1985ರಿಂದ, ಲೈಟ್‌ಹೌಸ್ ಹಿಲ್ಲಿನಲ್ಲಿ 1987ರಿಂದ ದಂತ ವೈದ್ಯಕೀಯ ಕಾಲೇಜುಗಳಿವೆ. ಅನಂತರವೂ ಕೆಲವು ಹುಟ್ಟಿಕೊಂಡಿವೆ. ದೂರದ ಊರುಗಳ ಯುವಕ ಯುವತಿಯರು ಹಲ್ಲಿನ ವಿದ್ಯೆ ಕಲಿಯಲು ನಮ್ಮೂರಿಗೆ ಬರುತ್ತಾರೆ.

ಇಂತಹ ಊರಿನಲ್ಲಿ, ಇಷ್ಟೊಂದು ವೈದ್ಯರ ಮಧ್ಯದಲ್ಲಿ ಬಾಳುವ ನಮ್ಮ ಮನೆಯಲ್ಲಿ, ಹತ್ತು ವರ್ಷದ ಒಬ್ಬ ಹುಡುಗನ ಮುಂದಿನ ಹಲ್ಲೊಂದು ಹಾಳಾಯಿತು. ಅದು ಉಳಿಯಬಹುದಾಗಿದ್ದ ಹಲ್ಲು. ಹಾಳು ಮಾಡಿದವಳು ಅವನ ಅಜ್ಜಿಯಾದ ನಾನು. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದ, ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಕೀಲಿಕೈಯನ್ನು ಹಲವು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಧ್ಯಾಪಕಿ ನಾನು ಎಂಬುದನ್ನೂ ಹೇಳಿಬಿಡಬೇಕು.

2018ರ ಮಳೆಗಾಲ. ಆ ವರ್ಷ ಮೇ 29ರಂದು ಸುರಿದ ಮಳೆಗೆ ನಗರದ ಬೀದಿಗಳು ಹೊಳೆಯಾದದ್ದು ನಿಮಗೆ ನೆನಪಿರಬಹುದು. ಅದಾಗಿ ಎರಡು ವಾರ ಕಳೆದಿರಬೇಕು. ಸಂಜೆಯ ತೇರ್ಸಿಗಾಗಿ ಮೇಣದಬತ್ತಿ ಹಚ್ಚುವ ಹೊತ್ತು. ಕೆಳಗೆ ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗ ಒದ್ದೆ ಕಾಲಿನಲ್ಲಿ ಮೆಟ್ಟಿಲು ಹತ್ತಿ ಓಡಿ ಬರುವಾಗ ಜಾರಿದ. ಮೆಟ್ಟಿಲಿನ ಅಂಚಿಗೆ ಬಾಯಿ ಬಡಿಯಿತು. ಅವನ ಕೂಗಿಗೆ ನಾನು ಬಾಗಿಲು ತೆರೆದಾಗ ಅಂಗಿಯ ತುಂಬ ರಕ್ತ. ಮೇಲಿನ ಸಾಲಿನ ನಡುವೆ ಒಂದು ಕಪ್ಪು ಕಿಂಡಿ. ಎರಡು ಮೆಟ್ಟಿಲು ಕೆಳಗೆ, ಕೆಸರಿನ ಹೆಜ್ಜೆಗುರುತಿನ ನಡುವೆ, ಬೇರು ಸಮೇತ ಬಿದ್ದಿದ್ದ ಹಲ್ಲು.

ನಾನು ಗಾಬರಿಗೊಳ್ಳಲಿಲ್ಲ. ಈ ಮಾತನ್ನು ಬಹಳ ದಿನ ಹೆಮ್ಮೆಯಿಂದಲೇ ಹೇಳಿಕೊಂಡಿದ್ದೆ. ಮಗುವನ್ನು ಕುಳ್ಳಿರಿಸಿ, ಬಾಯಿಗೆ ಬಟ್ಟೆ ಕೊಟ್ಟು, ತುಟಿಗೆ ಐಸ್ ಒತ್ತಿ ಹಿಡಿಯಲು ಹೇಳಿದೆ. ಬಳಿಕ ಹಲ್ಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಬೇರಿಗೆ ಕೆಸರು ಹತ್ತಿತ್ತು; ಅದರ ಮೇಲೆ ಕೆಂಪಾದ ಸಣ್ಣ ತೊಗಲಿನಂತಹ ಏನೋ ಅಂಟಿಕೊಂಡಿತ್ತು. ನಲ್ಲಿ ಬಿಟ್ಟು, ಪಾತ್ರೆ ತೊಳೆಯುವ ಸೋಪು ಹಚ್ಚಿ, ಆ ತೊಗಲೆಲ್ಲ ಹೋಗುವವರೆಗೆ ಉಜ್ಜಿದೆ. ಹಲ್ಲು ಮುತ್ತಿನಂತೆ ಬೆಳ್ಳಗಾಯಿತು. ಇಸ್ತ್ರಿ ಮಾಡಿಟ್ಟಿದ್ದ ಬಿಳಿಯ ಕರವಸ್ತ್ರದಲ್ಲಿ ಅದನ್ನು ಸುತ್ತಿ ಪರ್ಸಿನಲ್ಲಿಟ್ಟುಕೊಂಡೆ. ಬ್ಯಾಂಕಿನಲ್ಲಿದ್ದ ಮಗಳಿಗೆ ಫೋನು ಮಾಡಿ, ಅವಳು ಬರುವವರೆಗೆ ಕಾದು, ರಿಕ್ಷಾ ಹಿಡಿದು, ಮಳೆಯಲ್ಲಿ ನಿಂತ ವಾಹನಗಳ ಸಾಲಿನಲ್ಲಿ ತೆವಳಿ, ದಂತವೈದ್ಯರ ಬಾಗಿಲು ತಲಪುವಾಗ ಒಂದು ಗಂಟೆ ದಾಟಿತ್ತು.

ವೈದ್ಯೆ ಎಳೆಯ ವಯಸ್ಸಿನವರು. "ಹಲ್ಲು ತಂದಿದ್ದೀರಾ ಆಂಟಿ?" ಎಂದು ಕೇಳಿದರು. ನಾನು ಕರವಸ್ತ್ರ ಬಿಚ್ಚಿ ತೋರಿಸಿದೆ. ಅವರು ಒಂದು ಕ್ಷಣ ಮಾತನಾಡಲಿಲ್ಲ.

"ಮನೆಯಲ್ಲಿ ಹಾಲಿರಲಿಲ್ಲವೇ?"

ಹುಡುಗನಿಗೆ ಕುಡಿಯಲು ಕೊಟ್ಟಿದ್ದೀರಾ ಎಂದು ಕೇಳುತ್ತಿದ್ದಾರೆಂದು ತಿಳಿದು, "ಸಾಯಂಕಾಲವೇ ಒಂದು ಲೋಟ ಕುಡಿದಿದ್ದಾನೆ ಡಾಕ್ಟ್ರೇ" ಎಂದೆ. ಅವರು ನಗಲಿಲ್ಲ. ಬೈಯಲೂ ಇಲ್ಲ. ಮಗುವಿಗೆ ಚುಚ್ಚುಮದ್ದು ಕೊಟ್ಟು, ಹಲ್ಲನ್ನು ಅದರ ಕುಳಿಯಲ್ಲಿ ಮತ್ತೆ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತೆಳುವಾದ ತಂತಿಯಿಂದ ಸೇರಿಸಿದರು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿದರು. ಎರಡು ವಾರದೊಳಗೆ ರೂಟ್ ಕೆನಾಲ್ ಚಿಕಿತ್ಸೆ ಆರಂಭಿಸಬೇಕೆಂದರು. ಆಮೇಲೆ ನನ್ನನ್ನೂ ಮಗಳನ್ನೂ ಕುಳ್ಳಿರಿಸಿ, ನಾನು ಅಲ್ಲಿಯವರೆಗೆ ಯಾವ ಪುಸ್ತಕದಲ್ಲಿಯೂ ಓದದಿದ್ದ ಒಂದು ಸಂಗತಿಯನ್ನು ತಿಳಿಸಿದರು.

ಹಲ್ಲು ಎಲುಬಿನಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ಕೂತಿರುವುದಿಲ್ಲವಂತೆ. ಬೇರಿಗೂ ದವಡೆಯ ಎಲುಬಿಗೂ ಮಧ್ಯೆ ಒಂದು ಕೂದಲೆಳೆಯಷ್ಟು ಜಾಗವಿದ್ದು, ಅಸಂಖ್ಯ ಸೂಕ್ಷ್ಮ ನಾರುಗಳು ಹಲ್ಲನ್ನು ಅಲ್ಲಿ ತೂಗುಹಾಕಿದಂತೆ ಹಿಡಿದಿರುತ್ತವೆ. ಪೆಟ್ಟು ಬಿದ್ದು ಹಲ್ಲು ಕಿತ್ತು ಬಂದಾಗ ಈ ನಾರುಗಳು ಹರಿದು, ಅರ್ಧ ಕುಳಿಯಲ್ಲಿಯೂ ಅರ್ಧ ಬೇರಿನ ಮೇಲೂ ಉಳಿಯುತ್ತವೆ. ಬೇರಿನ ಮೇಲೆ ಉಳಿದ ಆ ಪೊರೆಯ ಜೀವಕೋಶಗಳು ಇನ್ನೂ ಬದುಕಿರುತ್ತವೆ. ಅವು ಬದುಕಿರುವಾಗಲೇ ಹಲ್ಲು ಕುಳಿಯನ್ನು ಸೇರಿದರೆ ಹರಿದ ನಾರುಗಳು ಮತ್ತೆ ಕೂಡಿಕೊಳ್ಳುತ್ತವೆ. ಹಲ್ಲು ಎಷ್ಟೋ ವರ್ಷ ಬಾಳುತ್ತದೆ. ಗಾಳಿಗೆ ಒಣಗಿದರೆ ಅರ್ಧ ಗಂಟೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ನಾನು ಕೊಳೆಯೆಂದು ತಿಳಿದು ಉಜ್ಜಿ ತೆಗೆದ ಕೆಂಪು ತೊಗಲು ಅದೇ ಪೊರೆಯಾಗಿತ್ತು.

ಪೊರೆ ಸತ್ತ ಹಲ್ಲನ್ನೂ ವೈದ್ಯರು ಕೂರಿಸುತ್ತಾರೆ. ಬೆಳೆಯುವ ಮಗುವಿನ ದವಡೆಯ ಎಲುಬು ಆ ಜಾಗದಲ್ಲಿ ಸವೆಯದಿರಲೆಂದು, ಮುಖಕ್ಕೆ ಕೆಲವು ವರ್ಷವಾದರೂ ಅದು ಒದಗಲೆಂದು. ಆದರೆ ಅಂತಹ ಹಲ್ಲು ನೇರವಾಗಿ ಎಲುಬಿಗೆ ಬೆಸೆದುಕೊಳ್ಳುತ್ತದೆ. ಎಲುಬು ಬೇರನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ದವಡೆ ಬೆಳೆದು ಉಳಿದ ಹಲ್ಲುಗಳು ಕೆಳಗಿಳಿದಂತೆ ಇದೊಂದು ಇದ್ದಲ್ಲಿಯೇ ನಿಂತು ಗಿಡ್ಡವಾಗಿ ಕಾಣಿಸತೊಡಗುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ. ಅವನ ದೃಢೀಕರಣ ಸಂಸ್ಕಾರದ ದಿನ ಬಿಷಪರ ಪಕ್ಕ ನಿಂತು ತೆಗೆಸಿಕೊಂಡ ಚಿತ್ರ ನಮ್ಮ ಚಾವಡಿಯಲ್ಲಿದೆ. ಎಲ್ಲ ಮಕ್ಕಳೂ ನಗುತ್ತಿದ್ದಾರೆ. ಇವನು ಮಾತ್ರ ತುಟಿ ಬಿಗಿದಿದ್ದಾನೆ. ನೋಡಿದವರು "ಗಂಭೀರ ಹುಡುಗ" ಎನ್ನುತ್ತಾರೆ.

ನಮ್ಮ ಫ್ರಿಜ್ಜಿನಲ್ಲಿ ಆ ಸಂಜೆ ಅರ್ಧ ಲೀಟರಿನ ಎರಡು ನಂದಿನಿ ಹಾಲಿನ ಪೊಟ್ಟಣಗಳಿದ್ದವು. ನಾನು ಹಲ್ಲು ಉಜ್ಜುತ್ತಾ ನಿಂತಿದ್ದ ನಲ್ಲಿಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ.

ಆದುದರಿಂದ, ಓದುಗರೇ, ನಿಮ್ಮ ಮನೆಯ ಮೆಟ್ಟಿಲಿನಲ್ಲಿ, ಶಾಲೆಯ ಮೈದಾನದಲ್ಲಿ, ಧರ್ಮೋಪದೇಶ ಮುಗಿದು ಮಕ್ಕಳು ಇಗರ್ಜಿಯ ಅಂಗಳದಲ್ಲಿ ಓಡಾಡುವ ಹೊತ್ತಿನಲ್ಲಿ ಇಂತಹುದು ನಡೆದರೆ ಏನು ಮಾಡಬೇಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಮೊದಲು ಮಗುವನ್ನು ನೋಡಿ. ಪ್ರಜ್ಞೆ ತಪ್ಪಿತ್ತೇ, ವಾಂತಿ ಮಾಡುತ್ತಿದೆಯೇ, ತೂಕಡಿಸುತ್ತಿದೆಯೇ? ಹೌದಾದರೆ ಅದು ತಲೆಗೆ ಬಿದ್ದ ಪೆಟ್ಟು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಹಲ್ಲಿನ ಚಿಂತೆ ಆಮೇಲೆ. ಮಗು ಸರಿಯಾಗಿ ಮಾತನಾಡುತ್ತಿದ್ದರೆ ಹಲ್ಲನ್ನು ಹುಡುಕಿ. ಬಿಳಿಯ ಭಾಗವನ್ನು, ಅಂದರೆ ನಕ್ಕಾಗ ಕಾಣುವ ಭಾಗವನ್ನು ಮಾತ್ರ ಹಿಡಿದೆತ್ತಿ, ಬೇರನ್ನು ಮುಟ್ಟಬೇಡಿ. ಕೊಳೆಯಾಗಿದ್ದರೆ ಹಾಲಿನಲ್ಲಿ ಮೆಲ್ಲನೆ ಅದ್ದಿ ತೆಗೆಯಿರಿ. ಹಾಲು ಹತ್ತಿರವಿಲ್ಲದಿದ್ದರೆ ನಲ್ಲಿಯ ತಣ್ಣೀರಿನಡಿ ಕೆಲವೇ ಕ್ಷಣ ಹಿಡಿಯಿರಿ. ಸೋಪು, ಡೆಟಾಲ್, ಬ್ರಶ್, ಸೀರೆಯ ಸೆರಗು ಯಾವುದೂ ಬೇಡ.

ಮುಂದಿನ ಮಾತಿಗೆ ನನ್ನ ವಯಸ್ಸಿನವರ ಮೈ ಜುಮ್ಮೆನ್ನಬಹುದು. ಎಲ್ಲಕ್ಕಿಂತ ಒಳ್ಳೆಯದೆಂದರೆ ಆ ಹಲ್ಲನ್ನು ನೀವೇ, ಅಲ್ಲಿಯೇ, ಕುಳಿಯಲ್ಲಿ ಕೂರಿಸುವುದು. ಪಕ್ಕದ ಹಲ್ಲನ್ನು ನೋಡಿ ಮುಂಬದಿ ಯಾವುದೆಂದು ಗುರುತಿಸಿ, ಮೆಲ್ಲನೆ ಒತ್ತಿ, ಒಂದು ಶುಭ್ರವಾದ ಕರವಸ್ತ್ರವನ್ನು ಮಡಚಿ ಕಚ್ಚಿ ಹಿಡಿಯಲು ಹೇಳಿ, ನೇರವಾಗಿ ದಂತವೈದ್ಯರಲ್ಲಿಗೆ ಹೋಗುವುದು. ಕರವಸ್ತ್ರಕ್ಕೆ ಸಲ್ಲುವ ಕೆಲಸ ಅದು! ದಂತಾಘಾತಗಳ ಬಗ್ಗೆ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕೈ ನಡುಗಿ ಕೂರಿಸಲಾಗದಿದ್ದರೆ, ಮಗು ಒಪ್ಪದಿದ್ದರೆ, ಚಿಂತೆಯಿಲ್ಲ. ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ತಣ್ಣಗಿನ ಹಾಲು ಹಾಕಿ ಹಲ್ಲನ್ನು ಮುಳುಗಿಸಿ ಕೊಂಡೊಯ್ಯಿರಿ. ಹಾಲಿನಲ್ಲಿರುವ ಲವಣಾಂಶದ ಹದ ನಮ್ಮ ದೇಹದ ದ್ರವಕ್ಕೆ ಹತ್ತಿರವಾದುದರಿಂದ ಜೀವಕೋಶಗಳು ಅದರಲ್ಲಿ ಕೆಲವು ಗಂಟೆ ತಾಳುತ್ತವೆ. ಬರಿಯ ನೀರಿನಲ್ಲಿಟ್ಟರೆ ಅವು ನೀರು ಹೀರಿ ಉಬ್ಬಿ ಒಡೆಯುತ್ತವೆ. ಹಾಲು ಸಿಗದ ಕಡೆ ಮಗು ಒಂದು ಲೋಟದಲ್ಲಿ ತನ್ನದೇ ಉಗುಳನ್ನು ತುಂಬಿಸಿ ಕೊಟ್ಟರೆ ಅದರಲ್ಲಿಡಬಹುದು. ಆಸ್ಪತ್ರೆಯ ಸಲೈನ್ ಇದ್ದರೆ ಅದೂ ಆದೀತು. ಏನೂ ಇಲ್ಲದಿದ್ದರೆ ಒಣಗಿಸುವುದಕ್ಕಿಂತ ನೀರೇ ಮೇಲು. ಮೊಸರು, ಮಜ್ಜಿಗೆ ಹುಳಿಯಾದುದರಿಂದ ಬೇಡ.

ನಮ್ಮ ಕರಾವಳಿಯವರಿಗೆ ತಕ್ಷಣ ಹೊಳೆಯುವುದು ಎಳನೀರು. ಈ ಯೋಚನೆ ನನಗೆ ಮಾತ್ರ ಬಂದದ್ದಲ್ಲ. ಚೆನ್ನೈಯ ದಂತವೈದ್ಯರ ತಂಡವೊಂದು ಎಳನೀರನ್ನೂ ಹಾಲನ್ನೂ ಹೋಲಿಸಿ ಪರೀಕ್ಷಿಸಿ, ಎಳನೀರಿನಲ್ಲಿ ಜೀವಕೋಶಗಳು ಹೆಚ್ಚು ಉಳಿದವೆಂದು 2008ರಲ್ಲಿ ಪ್ರಕಟಿಸಿತ್ತು. ಅನಂತರದ ಕೆಲವು ಪರೀಕ್ಷೆಗಳಲ್ಲಿ ಅದರ ಹುಳಿಯ ಅಂಶ ಕೋಶಗಳಿಗೆ ಒಗ್ಗುವುದಿಲ್ಲವೆಂದು ಕಂಡುಬಂತು. ಮಾರ್ಗಸೂಚಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿಲ್ಲ. ಗೂಡಂಗಡಿಯಲ್ಲಿ ಎಳನೀರು ಮಾತ್ರ ಇದ್ದಲ್ಲಿ ಏನು ಮಾಡಬೇಕೆಂದು ನಾನು ವೈದ್ಯೆಯನ್ನು ಕೇಳಿದೆ. "ಎಳನೀರು ಕೊಚ್ಚುವ ಹೊತ್ತಿನಲ್ಲಿ ಪಕ್ಕದ ಹೋಟೆಲಿನಿಂದ ಹಾಲು ತರಬಹುದು ಆಂಟಿ" ಎಂದರು.

ಒಂದು ಎಚ್ಚರಿಕೆ ಬೇಕು. ಇದೆಲ್ಲ ಶಾಶ್ವತ ಹಲ್ಲಿಗೆ ಮಾತ್ರ. ಹಾಲುಹಲ್ಲು ಬಿದ್ದರೆ ಮರಳಿ ಕೂರಿಸಬಾರದು; ಅದರ ಮೇಲೆ ಬೆಳೆಯುತ್ತಿರುವ ಹೊಸ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ. ಮುಂದಿನ ಹಲ್ಲುಗಳು ಆರರಿಂದ ಎಂಟು ವರ್ಷದೊಳಗೆ ಬದಲಾಗುತ್ತವೆ. ಸಂಶಯವಾದರೆ ಹಾಲಿನಲ್ಲಿಟ್ಟು ವೈದ್ಯರಿಗೆ ತೋರಿಸುವುದೇ ಕ್ಷೇಮ. ನಮ್ಮ ಬಾಲ್ಯದಲ್ಲಿ ಹಾಲುಹಲ್ಲು ಬಿದ್ದರೆ ಹೆಂಚಿನ ಮಾಡಿಗೆ ಎಸೆಯುವುದಿತ್ತು. ಬಿದ್ದ ಹಲ್ಲು ಹೋದದ್ದೇ, ಇನ್ನೊಂದು ಬರುತ್ತದೆ ಎಂಬ ಭಾವ ನಮ್ಮ ತಲೆಮಾರಿನಲ್ಲಿ ಅಷ್ಟು ಗಟ್ಟಿಯಾಗಿ ಕೂತದ್ದು ಆ ಆಟದಿಂದಲೇ ಇರಬೇಕು. ಹಲ್ಲು ಪೂರ್ತಿ ಕೀಳದೆ ತುಂಡಾದರೂ ಆ ತುಂಡನ್ನು ಹುಡುಕಿ ನೀರಿನಲ್ಲಿಯೋ ಹಾಲಿನಲ್ಲಿಯೋ ಹಾಕಿ ಒಯ್ಯಿರಿ. ಎಷ್ಟೋ ಸಲ ಅದನ್ನೇ ಅಂಟಿಸಲು ಬರುತ್ತದೆ. ತುಂಡು ಎಲ್ಲಿಯೂ ಸಿಗದೆ ಮಗು ಕೆಮ್ಮುತ್ತಿದ್ದರೆ ಅದು ಉಸಿರಿನ ದಾರಿಗೆ ಹೋಗಿರಬಹುದೆಂದು ವೈದ್ಯರಿಗೆ ತಿಳಿಸಬೇಕು.

ಪೆಟ್ಟು ಹಲ್ಲನ್ನು ದಾಟಿ ದವಡೆಗೂ ತಾಗುವುದುಂಟು. 2002ರ ಮೇ ತಿಂಗಳಿನಲ್ಲಿ ಆಂಟಿಗುವಾದ ಟೆಸ್ಟ್ ಪಂದ್ಯದಲ್ಲಿ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆಯವರ ದವಡೆ ಮುರಿದದ್ದು, ಗಲ್ಲದಿಂದ ನೆತ್ತಿಯವರೆಗೆ ಬಟ್ಟೆ ಸುತ್ತಿಕೊಂಡೇ ಅವರು ಹದಿನಾಲ್ಕು ಓವರು ಎಸೆದು ಬ್ರಿಯಾನ್ ಲಾರಾ ಅವರನ್ನು ಔಟ್ ಮಾಡಿದ್ದು ನಮ್ಮ ಮನೆಯಲ್ಲಿ ಇಂದಿಗೂ ಪುರಾಣ. ನಮ್ಮ ನೆರೆಯ ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತವರೆಂದು ನನ್ನ ಪತಿ ಆ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿಟ್ಟಿದ್ದರು. ಅವರ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ನಮ್ಮ ಮಕ್ಕಳು ಅನುಕರಿಸಬೇಕಾದದ್ದು ಆ ಬಟ್ಟೆಯನ್ನು ಮಾತ್ರ, ಬೌಲಿಂಗನ್ನಲ್ಲ. ಮುರಿದ ದವಡೆ ಅಲುಗಾಡದಂತೆ ಆಧಾರ ಕೊಡುವುದು ಅದರ ಉದ್ದೇಶ. ಬಿದ್ದ ಮೇಲೆ ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಕೆಳತುಟಿ ಜೋಮು ಹಿಡಿದಿದ್ದರೆ ದವಡೆಯನ್ನು ಶಂಕಿಸಬೇಕು. ಗಾಯಾಳು ಮುಂದಕ್ಕೆ ಬಾಗಿ ಕುಳಿತಿರಲಿ. ಬಾಯಿಯಿಂದ ರಕ್ತ ಸುರಿಯುತ್ತಿದ್ದರೆ, ವಾಂತಿ ಬರುವಂತಿದ್ದರೆ ಬಟ್ಟೆ ಕಟ್ಟಲೇಬಾರದು, ಉಸಿರು ಕಟ್ಟೀತು. ಅವರು ಅಂಗೈಯಿಂದಲೇ ಗಲ್ಲವನ್ನು ಆನಿಸಿಕೊಂಡು ಆಸ್ಪತ್ರೆಗೆ ಹೋಗಲಿ. ಕುಂಬ್ಳೆಯವರೂ ಶಸ್ತ್ರಚಿಕಿತ್ಸೆಗೆಂದು ಕೂಡಲೇ ಬೆಂಗಳೂರಿಗೆ ಮರಳಿದ್ದರು.

ಪೆಟ್ಟಿಲ್ಲದೆ ನಡುರಾತ್ರಿ ಬರುವ ಹಲ್ಲುನೋವಿನ ಬಗ್ಗೆ ನಮ್ಮ ಮನೆಗಳಲ್ಲಿ ಬೇಕಾದಷ್ಟು ತಿಳಿವಳಿಕೆಯಿದೆ; ಎಲ್ಲವೂ ತಪ್ಪಲ್ಲ. ಉಗುರುಬೆಚ್ಚಗಿನ ಉಪ್ಪುನೀರು ಒಳ್ಳೆಯದೇ. ಲವಂಗದ ಎಣ್ಣೆಯನ್ನು ಹತ್ತಿಯ ತುದಿಯಲ್ಲಿ ಹಲ್ಲಿನ ತೂತಿಗೆ ಮುಟ್ಟಿಸಿದರೆ ದೊಡ್ಡವರಿಗೆ ಬೆಳಗಿನವರೆಗೆ ತಡೆಯುತ್ತದೆ. ಒಸಡಿಗೆ ಸವರಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಬುಡದಲ್ಲಿಟ್ಟು ಮಲಗುವ ಕ್ರಮವನ್ನು ಮಾತ್ರ ದಯವಿಟ್ಟು ಬಿಡಿ, ಅದು ಒಸಡನ್ನು ಹುಣ್ಣು ಮಾಡುತ್ತದೆ. ಹಲ್ಲು ಕೀಳಿಸಿಕೊಂಡು ಬಂದವರಿಗೆ ರಕ್ತ ನಿಲ್ಲದಿದ್ದರೆ ಬಾಯಿ ಮುಕ್ಕಳಿಸುತ್ತಾ ಉಗುಳುತ್ತಾ ಕೂರಬಾರದು. ಶುಭ್ರವಾದ ಬಟ್ಟೆಯ ಉಂಡೆಯನ್ನು ಅರ್ಧ ಗಂಟೆ ಬಿಡದೆ ಕಚ್ಚಿ ಹಿಡಿದರೆ ಹೆಚ್ಚಾಗಿ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ನಿಲ್ಲದಿದ್ದರೆ ತಡಮಾಡದೆ ಹೋಗಬೇಕು.

ಎರಡು ಸಂದರ್ಭಗಳಲ್ಲಿ ಬೆಳಗಿಗೆ ಕಾಯಬೇಡಿ. ಹುಳುಕು ಹಲ್ಲಿನ ಬಾವು ದವಡೆಯ ಅಡಿಗಿಳಿದು ಕುತ್ತಿಗೆಗೆ ಹಬ್ಬಿ, ಜ್ವರ ಬಂದು, ನಾಲಗೆ ಮೇಲಕ್ಕೆ ತಳ್ಳಿದಂತಾಗಿ, ಉಗುಳು ನುಂಗಲೂ ಕಷ್ಟವಾಗುತ್ತಿದ್ದರೆ ಅದು ಉಸಿರುಗಟ್ಟಿಸಿ ಕೊಲ್ಲಬಲ್ಲ ಸೋಂಕು. 1836ರಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯ ಲುಡ್ವಿಗ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಬಿಸಿ ಶಾಖ ಕೊಡುತ್ತಾ ಕೂರುವ ಹೊತ್ತು ಅದಲ್ಲ. ಇನ್ನೊಂದು, ನನ್ನಂತಹ ಹಿರಿಯರಿಗೆ ಹೇಳಬೇಕಾದದ್ದು: ಮೆಟ್ಟಿಲು ಹತ್ತುವಾಗ, ಬೇಗ ನಡೆಯುವಾಗ ಕೆಳದವಡೆಯಲ್ಲಿ ನೋವು ಬಂದು, ನಿಂತರೆ ಇಳಿಯುವಂತಿದ್ದರೆ ಅದು ಹಲ್ಲಿನದಾಗಿರದೆ ಹೃದಯದ್ದಾಗಿರಬಹುದು. ಬೆವರು, ಎದೆಯ ಭಾರ ಜೊತೆಗಿದ್ದರಂತೂ ದಂತವೈದ್ಯರ ಬಾಗಿಲನ್ನು ದಾಟಿ ಮುಂದೆ ಹೋಗಿ.

ನನ್ನ ಅತ್ತೆಯವರು ಹಲ್ಲುನೋವು ಬಂದಾಗಲೆಲ್ಲ ಸಂತ ಅಪೊಲೋನಿಯಾರನ್ನು ನೆನೆಯುತ್ತಿದ್ದರು. ಇಕ್ಕುಳದಲ್ಲಿ ಹಲ್ಲೊಂದನ್ನು ಹಿಡಿದ ಆ ಸಂತಳ ಚಿತ್ರವನ್ನು ನೀವೂ ನೋಡಿರಬಹುದು. ಹಬ್ಬ ಫೆಬ್ರವರಿ 9ರಂದು. ಸುಮಾರು ಕ್ರಿ.ಶ. 249ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ರಕ್ತಸಾಕ್ಷಿಯಾದವಳು. ಆ ಕಾಲದ ಬಿಷಪ್ ಡಯೊನಿಸಿಯಸ್ ಅವರ ಪತ್ರದಲ್ಲಿ ಇಕ್ಕುಳದ ಮಾತಿಲ್ಲ. ಜನರ ಗುಂಪು ದವಡೆಗೆ ಹೊಡೆದು ಹೊಡೆದು ಆಕೆಯ ಹಲ್ಲುಗಳನ್ನು ಉದುರಿಸಿತೆಂದಿದೆ. ಇಕ್ಕುಳ ಚಿತ್ರಕಾರರು ಆಮೇಲೆ ಕೊಟ್ಟದ್ದು. ಆಕೆ ವಯಸ್ಸಾದ ಹೆಂಗಸೆಂದೂ ಪತ್ರ ಹೇಳುತ್ತದೆ. ಆ ರಾತ್ರಿ ಮೊಮ್ಮಗ ಮಲಗಿದ ಮೇಲೆ ನಾನೂ ಆಕೆಯನ್ನು ನೆನೆದೆ. ಪ್ರಾರ್ಥನೆಯಲ್ಲಿ ಸೋಪಿನ ವಿಷಯವನ್ನು ಮಾತ್ರ ಎತ್ತಲಾಗಲಿಲ್ಲ.

ಮಗಳಿಗೂ ನಾನದನ್ನು ಪೂರ್ತಿ ಹೇಳಿರಲಿಲ್ಲ. ವೈದ್ಯೆಯ ಎದುರು "ಸ್ವಲ್ಪ ತೊಳೆದೆ" ಎಂದಿದ್ದೆ. ದಾರಿಯ ವಾಹನ ದಟ್ಟಣೆ, ಮಳೆ, ರಿಕ್ಷಾ ಸಿಗದಿದ್ದದ್ದು, ಇವೇ ಕಾರಣವೆಂದು ಮನೆಯಲ್ಲಿ ಮಾತು ನಿಂತಿತು. ನಾನು ನಿಲ್ಲಲು ಬಿಟ್ಟೆ. ಈಗ ನಮ್ಮ ಫ್ರಿಜ್ಜಿನ ಬಾಗಿಲಿಗೆ ನನ್ನದೇ ಅಕ್ಷರದಲ್ಲಿ ಬರೆದ ಒಂದು ಚೀಟಿ ಅಂಟಿಸಿದೆ. ಅದರ ಪಕ್ಕದ ಕಪಾಟಿನಲ್ಲಿ ಮುಚ್ಚಳದ ಒಂದು ಪುಟ್ಟ ಸ್ಟೀಲ್ ಡಬ್ಬಿ. ನಮ್ಮ ಕಟ್ಟಡದ ನಾಲ್ಕಾರು ತಾಯಂದಿರು ಆ ಚೀಟಿಯನ್ನು ಬರೆದುಕೊಂಡು ಹೋಗಿದ್ದಾರೆ. ಏಕೆ ಅಂಟಿಸಿದ್ದೇನೆಂದು ಯಾರೂ ಕೇಳಿಲ್ಲ.

ಮೊಮ್ಮಗ ಈಗ ಕಾಲೇಜಿಗೆ ಹೋಗುತ್ತಾನೆ. ದವಡೆಯ ಬೆಳವಣಿಗೆ ಪೂರ್ತಿ ನಿಂತ ಮೇಲೆ ಆ ಹಲ್ಲನ್ನು ತೆಗೆದು ಕೃತಕ ಹಲ್ಲು ಕೂರಿಸಬಹುದೆಂದು ಹೇಳಿದ್ದಾರೆ. ಈ ಬರಹವನ್ನು ಸಂಪಾದಕರಿಗೆ ಕಳುಹಿಸುವ ಮುನ್ನ ಅವನ ಕೈಗೆ ಕೊಟ್ಟೆ. ಅವನು ಕನ್ನಡವನ್ನು ನಿಧಾನವಾಗಿ ಓದುವವನು. ಚಾವಡಿಯಲ್ಲಿ ಕುಳಿತು ಓದಿದ. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆಯುತ್ತಿದ್ದೆ.

"ಮಾಯ್," ಎಂದು ಕರೆದ. "ಯಾವ ಸೋಪು?"

ಹೆಸರು ಹೇಳಿದೆ.

"ಅದು ಪಾತ್ರೆಯ ಕರಿ ತೆಗೆಯುವುದಲ್ಲವಾ?" ಎಂದ. ಆಮೇಲೆ, ನನ್ನ ಮುಖ ನೋಡಿ, ಕಾಗದಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, ಬಾಯಿಗೆ ಕೈ ಅಡ್ಡ ಹಿಡಿಯದೆಯೇ ನಕ್ಕುಬಿಟ್ಟ.